ಅಳಿಯನ ಮುಖ

ಪರದೆ ಇಳಿಬಿಟ್ಟದ್ದರಲ್ಲಿ ಯಾವ ತಪ್ಪೂ ಇಲ್ಲ ಎಂದು ಜೋಸೆಟ್ ಮತ್ತೆ ಮತ್ತೆ ತನಗೆ ತಾನೇ ಹೇಳಿಕೊಂಡಳು. ಕಿಟಕಿಯಾಚೆ, ಕುದುರೆ ದೊಡ್ಡಿಯ ಹತ್ತಿರ, ಅಳಿಯ ಲೀಲ್ಯಾಂಡ್ ಕಂಡ. ಕಂಡ ಕೂಡಲೇ ಕೈ ಪರದೆ ಬಿಟ್ಟಿತು, ಕಣ್ಣು ನೆಲ ನೋಡಿತು. ಮಗಳು ವರ್ನಾಳ ಮದುವೆಯಾಗಿ ಇಪ್ಪತ್ತು ವರ್ಷದ ಮೇಲಾಯಿತು, ಅಂದಿನಿಂದ ಈ ಕೈಗೂ ಈ ಕಣ್ಣಿಗೂ ಇದೇ ಕೆಲಸ. ಪಿಕುನಿ ಬುಡಕಟ್ಟಿನ ಹೆಂಗಸು ಅಳಿಯನ ಮುಖ ನೋಡುವುದಿಲ್ಲ, ಅವನೊಡನೆ ಮಾತಾಡುವುದಿಲ್ಲ, ಅವನೂ ಅಷ್ಟೆ. ದ್ವೇಷಕ್ಕಲ್ಲ, ಮರ್ಯಾದೆಗೆ. ಈಗಿನ ಅತ್ತೆ ಅಳಿಯಂದಿರು ಒಂದೇ ಸೋಫಾದಲ್ಲಿ ಕೂತು ಟೀವಿ ನೋಡುತ್ತಾ ಒಂದೇ ಪೊಟ್ಟಣದಿಂದ ಚಿಪ್ಸ್ ತಿನ್ನುವುದನ್ನು ಅವಳು ಬ್ರೌನಿಂಗ್ ಪೇಟೆಯಲ್ಲಿ ಕಣ್ಣಾರೆ ಕಂಡಿದ್ದಾಳೆ; ಕಂಡು, ಅವರ ಪಾಲಿನ ನಾಚಿಕೆಯನ್ನೂ ತಾನೇ ಪಟ್ಟಿದ್ದಾಳೆ. ತನ್ನ ಹಿತ್ತಲಿನಲ್ಲಿ ಅದೆಲ್ಲ ನಡೆಯದು. ಮುಂದಿನ ಮನೆ ಮಗಳು ಅಳಿಯನದು, ಹಿಂದಿನ ತಗಡಿನ ಟ್ರೇಲರ್ ಮನೆ ತನ್ನದು. ಅಂಗಳಕ್ಕೆ ಬರುವಾಗ ಅವನು ಕೆಮ್ಮುತ್ತಾನೆ, ಹೊರಗೆ ಹೊರಡುವಾಗ ಇವಳು ಬಾಗಿಲು ತಟ್ಟಿ ಸದ್ದು ಮಾಡುತ್ತಾಳೆ. ಅವನು ಸೀಳಿದ ಸೌದೆ ಮೆಟ್ಟಿಲ ಪಕ್ಕದಲ್ಲಿ ತಾನಾಗಿ ಬೆಳೆದಂತೆ ಬೆಳೆದಿರುತ್ತದೆ. ಅವಳು ಕರಿದ ರೊಟ್ಟಿ ವರ್ನಾಳ ಕೈಯಲ್ಲಿ ದಾಟಿ ಅವನ ತಟ್ಟೆ ಸೇರುತ್ತದೆ. ಇಷ್ಟು ಚೊಕ್ಕವಾಗಿ ನಡೆದ ಸಂಸಾರ ನದಿಯ ಈ ದಡದಲ್ಲಿ ಇನ್ನೊಂದಿಲ್ಲ. ಚಹಾಕ್ಕೆ ಸಕ್ಕರೆ ಸಾಲದೆನಿಸಿ ಇನ್ನೊಂದು ಚಮಚ ಹಾಕಿಕೊಂಡಳು.

ಆದರೂ ಏನೋ ಕಚ್ಚುತ್ತಿತ್ತು. ಮಣಿ ಪೋಣಿಸಲು ಕೂತರೆ ನೀಲಿಯ ಜಾಗಕ್ಕೆ ಹಳದಿ ಹೋಯಿತು, ಬಿಚ್ಚಿದಳು. ಜಿಂಕೆ ಚರ್ಮದ ಈ ಮೆಟ್ಟು ಲೀಲ್ಯಾಂಡನಿಗೇ. ಅವನ ಮುಖ ಗೊತ್ತಿಲ್ಲದಿದ್ದರೇನು, ಪಾದ ಚೆನ್ನಾಗಿ ಗೊತ್ತು: ಬಲಗಾಲಿನ ಹಿಮ್ಮಡಿ ಹೊರಗಡೆ ಸವೆಸುತ್ತಾನೆ, ಹೆಬ್ಬೆರಳು ದಪ್ಪ. ಬೂಟಿನ ಸದ್ದು ಗೊತ್ತು, ಕೆಮ್ಮು ಗೊತ್ತು, ಹಿಂದಿನಿಂದ ಕಾಣುವ ಕುತ್ತಿಗೆ ಗೊತ್ತು. ಒಮ್ಮೆ ಪೇಟೆಯ ಅಂಗಡಿಯಲ್ಲಿ, ತಿರುವಿನಲ್ಲಿ, ಅವನ ಕೈಗಾಡಿಗೂ ಇವಳ ಕೈಗಾಡಿಗೂ ಡಿಕ್ಕಿಯಾಗಿತ್ತು. ಜೋಸೆಟ್ ಹಿಂದೆ ಮುಂದೆ ನೋಡದೆ ಫ್ರೀಜರ್ ಪೆಟ್ಟಿಗೆಯ ಮುಚ್ಚಳ ತೆಗೆದು ಬಟಾಣಿ ಪೊಟ್ಟಣಗಳ ನಡುವೆ ತಲೆ ಹುದುಗಿಸಿಬಿಟ್ಟಳು. ಮೂಗು ಮರಗಟ್ಟಿತು, ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಅವನು ಗಾಡಿಯನ್ನು ಅಲ್ಲೇ ಬಿಟ್ಟು ಓಡಿದನಂತೆ. ಮಾರನೆಯ ಬೆಳಿಗ್ಗೆ ಅವಳ ಮೆಟ್ಟಿಲಿಗೆ ಒಂದು ಕೆಂಪು ಹೆಣ್ಣುಕುದುರೆ ಕಟ್ಟಿತ್ತು. ಮುಖಾಮುಖಿಯಾದ ತಪ್ಪಿಗೆ ಅಳಿಯ ಅತ್ತೆಗೆ ಕುದುರೆ ಕೊಡಬೇಕು, ಕೊಟ್ಟ. ತಂಗಿ ಬರ್ನಿಸ್ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. "ಅಕ್ಕಾ, ದಿನಾ ಅಂಗಡಿಗೆ ಹೋಗೇ. ವರ್ಷ ತುಂಬೋದ್ರೊಳಗೆ ದೊಡ್ಡಿ ತುಂಬುತ್ತೆ." ನಗಲಿ ಬಿಡು. ಹಬ್ಬಕ್ಕೆ ನಾಲ್ಕು ಹೆಂಗಸರು ಸೇರಿದ ಕಡೆಯೆಲ್ಲ ಜೋಸೆಟ್ ಆ ಬಟಾಣಿಯ ಕಥೆಯನ್ನು ತಾನೇ ಎತ್ತಿ ಹೇಳುತ್ತಿದ್ದಳು. ಕೇಳಿದವರು, ಹಳೇ ಪದ್ಧತಿ ಅಂದ್ರೆ ನಿನ್ನದಮ್ಮಾ, ಎನ್ನಲೆಂದೇ. ಅದನ್ನು ನೆನೆದಾಗ ಇವತ್ತು ಯಾಕೋ ಖುಷಿಯಾಗಲಿಲ್ಲ.

ಹೊರಗೆ ಗಾಳಿ ಬೆಟ್ಟದ ಕಡೆಯಿಂದ ಇಳಿದು ಟ್ರೇಲರಿನ ತಗಡನ್ನು ಗುದ್ದುತ್ತಿತ್ತು. ಮೊನ್ನೆ ಬಿದ್ದ ವರ್ಷದ ಮೊದಲ ಹಿಮ ನೆಲ ಬಿಟ್ಟು ಹಾರುತ್ತಿತ್ತು. ವರ್ನಾ ಬೆಳಿಗ್ಗೆಯೇ ಶಾಲೆಯ ಅಡುಗೆ ಕೆಲಸಕ್ಕೆ ಹೋಗಿದ್ದಾಳೆ, ಸಂಜೆಗೆ ಬರುತ್ತಾಳೆ. ಅವಳ ಮನೆಯ ಗೋಡೆಯಲ್ಲಿ ಮದುವೆಯ ಫೋಟೋ ಇದೆ. ಫೋಟೋದಲ್ಲಿ ನೋಡಿದರೆ ನೋಡಿದಂತೆಯೋ ಅಲ್ಲವೋ ಎಂದು ಜೋಸೆಟ್ ಬಹಳ ಕಾಲ ಯೋಚಿಸಿ, ನೋಡಿದಂತೆಯೇ ಎಂದು ತೀರ್ಮಾನಿಸಿ, ಮಗಳನ್ನು ನೋಡಬೇಕೆನಿಸಿದಾಗಲೆಲ್ಲ ಅವನ ಮುಖದ ಮೇಲೆ ಹೆಬ್ಬೆರಳಿಟ್ಟು ನೋಡುತ್ತಾಳೆ. ಗಾಜಿನ ಮೇಲೆ ಅಲ್ಲೊಂದು ಮಬ್ಬು ಗುರುತು ಬಿದ್ದಿದೆ. ಅದರ ಕೆಳಗೆ ಟೈ, ಟೈಯ ಕೆಳಗೆ ಕೈಯಲ್ಲಿ ಹಿಡಿದ ಟೋಪಿ. ಟೋಪಿ ಇಲ್ಲದೆ ಆ ಮನುಷ್ಯ ಮನೆ ಬಿಟ್ಟು ಹೊರಡುವುದಿಲ್ಲ. ಲೋಟ ತುಟಿಯ ಹತ್ತಿರವೇ ನಿಂತಿತು. ಆಗ ಕಿಟಕಿಯಲ್ಲಿ ಕಂಡಾಗ ತಲೆಯ ಮೇಲೆ ಟೋಪಿ ಇರಲಿಲ್ಲ. ಮತ್ತೆ ಆ ತಲೆ, ಬೇಲಿಯ ಎಲ್ಲಕ್ಕಿಂತ ಕೆಳಗಿನ ಅಡ್ಡಮರದ ಮಟ್ಟದಲ್ಲಿತ್ತು. ನಿಂತ ಗಂಡಸಿನ ತಲೆ ಅಲ್ಲಿರುವುದಿಲ್ಲ, ಕೂತವನದೂ ಇರುವುದಿಲ್ಲ. ಲೋಟದಲ್ಲಿ ಚಹಾ ತಳ ಕಂಡಿತ್ತು. ಒಂದು ಲೋಟ ಚಹಾ ಕುಡಿಯುವಷ್ಟು ಹೊತ್ತು ತಾನಿಲ್ಲಿ ಬೆಚ್ಚಗೆ ಕೂತಿದ್ದೆ ಎಂದು ಅವಳಿಗೆ ಆಗ ತಿಳಿಯಿತು.

ಪರದೆಯನ್ನು ಕಿತ್ತೇಬಿಟ್ಟಳು. ಲೀಲ್ಯಾಂಡ್ ಬೇಲಿಯ ಬುಡದಲ್ಲಿ ಮಗ್ಗುಲಾಗಿ ಬಿದ್ದಿದ್ದ. ಕಂದು ಗಂಡುಕುದುರೆ ತಡಿ ವಾಲಿಸಿಕೊಂಡು ದೂರದಲ್ಲಿ ನಿಂತಿತ್ತು, ತನಗೂ ಇದಕ್ಕೂ ಸಂಬಂಧವೇ ಇಲ್ಲವೆಂಬಂತೆ. ಜೋಸೆಟ್ ಗೋಡೆಯ ಫೋನಿಗೆ ಕೈ ಹಾಕಿದಳು. ಆಂಬುಲೆನ್ಸ್ ಕಚೇರಿಯಲ್ಲಿ ಮಾತಾಡಿದವಳು ಪಿಕುನಿ ಹುಡುಗಿಯೇ, ಧ್ವನಿಯಲ್ಲೇ ತಿಳಿಯುತ್ತಿತ್ತು.

"ಅಜ್ಜೀ, ಗಾಳಿ ಜೋರಿದೆ, ರಸ್ತೆಗೆ ಅಡ್ಡ ಹಿಮ ಬಿದ್ದಿದೆ, ಸ್ವಲ್ಪ ತಡ ಆಗತ್ತೆ. ಅವರನ್ನ ಎತ್ತಬೇಡಿ, ಎಳೀಬೇಡಿ. ಕಂಬಳಿ ಹೊದಿಸಿ. ತಲೆಗೆ ಪೆಟ್ಟಾಗಿದ್ರೆ ನಿದ್ದೆ ಮಾಡೋಕೆ ಬಿಡಬೇಡಿ. ಈ ಚಳೀಲಿ ನಿದ್ದೆ ಹೋದ್ರೆ ಕಷ್ಟ. ಮಾತಾಡಿಸ್ತಾನೇ ಇರಿ."

"ಯಾರು, ನಾನಾ?"

"ಇನ್ಯಾರಿದಾರೆ ಅಲ್ಲಿ?"

"ಅವನು ನನ್ನ ಅಳಿಯ ಕಣೇ!"

"ಅಯ್ಯೋ... ನಿಮ್ಮ ಕಡೆ ಇನ್ನೂ ಹಾಗೇನಾ? ಇರ್ಲಿ ಅಜ್ಜಿ, ಇವತ್ತು ಮಾತಾಡ್ಲೇಬೇಕು. ಹೋಗಿ, ಓಡಿ."

ಅವಳು ಓಡಿದಳು, ಎಪ್ಪತ್ತರ ಮಂಡಿ ಎಷ್ಟು ಓಡಲು ಬಿಡುತ್ತದೋ ಅಷ್ಟು. ತೋಳಿನ ತುಂಬ ಕಂಬಳಿ, ಮಂಚದ ಮೇಲಿದ್ದ ಹೊದಿಕೆಯೂ ಸೇರಿ. ಪ್ರಾಣಕ್ಕೆ ಬಂದಾಗ ಒಬ್ಬರನ್ನೊಬ್ಬರು ಕೂಗಬಹುದು ಎಂದು ಅವಳ ಅಜ್ಜಿ ಹೇಳುತ್ತಿದ್ದಳು. ಹಾಗೆ ಕೂಗಿ ಉಳಿಸಿಕೊಂಡ ಮೇಲೆ ನಾಚಿಕೆ ತೀರಿತು, ಆಮೇಲೆ ಜೀವಮಾನವಿಡೀ ಮುಖ ನೋಡಬಹುದು. ಎಂಥ ಒಳ್ಳೆಯ ಪದ್ಧತಿ, ಹಿರಿಯರು ಬಾಗಿಲು ಇಟ್ಟೇ ಗೋಡೆ ಕಟ್ಟಿದ್ದರು. ಇವಳಿಗೆ ಗೋಡೆ ಮಾತ್ರ ನೆನಪಿತ್ತು. ಅಡುಗೆ ಆದ ಮೇಲೆ ಒಲೆ ಉರಿಯಿತಂತೆ ಎಂದು ತನ್ನನ್ನೇ ಬೈದುಕೊಳ್ಳುತ್ತಾ ಅವನ ಪಕ್ಕ ಮಂಡಿಯೂರಿದಳು. ಕಾಲು ಮೊಣಕಾಲಿನ ಕೆಳಗೆ ತಿರುಗಬಾರದ ಕಡೆ ತಿರುಗಿತ್ತು. ಕಿವಿಯ ಹಿಂದಿನ ರಕ್ತ ಹೆಪ್ಪುಗಟ್ಟಿತ್ತು. ಉಸಿರಿತ್ತು. ಅವಳ ನೆರಳು ಬಿದ್ದದ್ದು ತಿಳಿದ ಕೂಡಲೇ ಅವನೇನು ಮಾಡಿದ ಗೊತ್ತೆ? ಆ ಸ್ಥಿತಿಯಲ್ಲಿ, ನರಳುತ್ತಾ, ಮುಖವನ್ನು ಆ ಕಡೆ ತಿರುಗಿಸಿ ಲದ್ದಿಯೊಳಗೆ ಹೂತುಕೊಂಡ.

ಏನೆಂದು ಕರೆಯುವುದು? ಅವನನ್ನು ಕುರಿತು ಸಾವಿರ ಮಾತಾಡಿದ್ದಾಳೆ, ಅವನೊಡನೆ ಒಂದೂ ಆಡಿಲ್ಲ. "ಅಳಿಯಂದಿರೇ," ಎಂದಳು, ಮದುವೆ ಮನೆಯಲ್ಲಿ ಊಟಕ್ಕೆ ಕರೆದಂತೆ ಕೇಳಿಸಿತು. "ಅಳಿಯಂದಿರೇ, ಸ್ವಲ್ಪ ಈ ಕಡೆ ತಿರುಗಬೇಕು." ಅವನು ತಿರುಗಲಿಲ್ಲ. ರೆಪ್ಪೆ ಮುಚ್ಚಿಕೊಳ್ಳುತ್ತಿತ್ತು. ಅವಳಿಗೆ ಎಲ್ಲಿತ್ತೋ ಸಿಟ್ಟು, ಗದ್ದ ಹಿಡಿದು ಜಗ್ಗಿ ತಿರುಗಿಸಿದಳು.

"ಲೋ ಲೀಲ್ಯಾಂಡ್! ಕಣ್ಣು ಬಿಡೋ! ನಿನಗೇ ಹೇಳ್ತಿರೋದು!"

ಮುಖ. ಮದುವೆಯ ದಿನ ಸೆರಗಿನಂತೆ ಎಳೆದುಕೊಂಡ ಶಾಲಿನ ಸಂದಿಯಿಂದ ಒಮ್ಮೆ, ತಪ್ಪಿ, ಕಂಡದ್ದು ಒಬ್ಬ ಹುಡುಗನನ್ನು. ನುಣುಪು ಕೆನ್ನೆ, ಹೆದರಿದ ಕಣ್ಣು. ಅಂದಿನಿಂದ ಅವಳು ರೊಟ್ಟಿ ಕರಿದದ್ದು, ಮೆಟ್ಟು ಹೊಲಿದದ್ದು, ವರ್ನಾ ಜಗಳವಾಡಿ ಬಂದಾಗ ಮನಸ್ಸಿನಲ್ಲೇ ಬೈದದ್ದು, ಅವನು ಕುಡಿತ ಬಿಟ್ಟ ವರ್ಷ ಯಾರಿಗೂ ಕಾಣದಂತೆ ಅತ್ತದ್ದು, ಎಲ್ಲ ಆ ಹುಡುಗನಿಗೆ. ಇಲ್ಲಿ ಬಿದ್ದಿದ್ದವನು ಬೇರೆ ಯಾರೋ. ಹುಬ್ಬು ನರೆತಿತ್ತು. ಕಣ್ಣಿನ ಕೆಳಗೆ ಚೀಲ ಕಟ್ಟಿತ್ತು, ಕೆನ್ನೆಯಲ್ಲಿ ಗಾಳಿ ಕೊರೆದ ಗೆರೆ. ಇವನಿಗೆ ವಯಸ್ಸಾಗಿಬಿಟ್ಟಿದೆಯಲ್ಲ, ಯಾರೂ ನನಗೆ ಹೇಳಲೇ ಇಲ್ಲವಲ್ಲ ಎಂದುಕೊಂಡಳು. ಅವನನ್ನು ಕಂಬಳಿಯಲ್ಲಿ ಸುತ್ತಿ, ಗಾಳಿ ಬರುವ ಕಡೆಗೆ ತಾನು ಬೆನ್ನು ಕೊಟ್ಟು ಕೂತಳು.

"ಮಾತಾಡು."

"ಏನು... ಮಾತಾಡ್ಲಿ, ಅತ್ತೆ?" ಅವನ ಧ್ವನಿ ಗೋಡೆಯಾಚೆಯಿಂದ ಕೇಳುತ್ತಿದ್ದದ್ದಕ್ಕಿಂತ ಸಣ್ಣದಾಗಿತ್ತು.

"ಏನಾದ್ರೂ. ಆ ಕುದುರೆ ಏನ್ಮಾಡ್ತು?"

"ಪ್ಲಾಸ್ಟಿಕ್ ಚೀಲ ಹಾರಿ ಬಂತು... ಬೆದರ್ತು." ಮತ್ತೆ ರೆಪ್ಪೆ ಇಳಿಯಿತು. "ನಿದ್ದೆ ಬರ್ತಿದೆ, ಅತ್ತೆ. ಒಂದೇ ನಿಮಿಷ."

"ನಿದ್ದೆ ಮಾಡಿದ್ರೆ ಈ ಕಾಲನ್ನೇ ಒದೀತೀನಿ ನೋಡು!"

ಬೈಗುಳ ಸ್ವಲ್ಪ ದೂರ ನಡೆಯಿತು. ಚಾವಣಿಯ ತಗಡು ಸಡಿಲವಾಗಿ ಎರಡು ಚಳಿಗಾಲವಾದದ್ದನ್ನು ಬೈದಳು, ಒದ್ದೆ ಸೌದೆ ಒಣ ಸೌದೆ ಬೆರೆಸಿ ಒಟ್ಟುವುದನ್ನು ಬೈದಳು, ವರ್ನಾಳ ಹುಟ್ಟುಹಬ್ಬ ಮರೆತದ್ದನ್ನು ಬೈದಳು. ಅವನು ಹೂಂ ಅನ್ನುತ್ತಿದ್ದ. ಹೂಂ ತೆಳ್ಳಗಾಗುತ್ತಾ ಬಂತು. ಬೈಗುಳ ಕೇಳಿಕೊಂಡೇ ನಿದ್ದೆ ಹೋಗುವುದು ಗಂಡಸರಿಗೆ ಅಭ್ಯಾಸ, ತನ್ನ ಗಂಡನೂ ಹಾಗೇ ಇದ್ದ. ಜನ ನಿದ್ದೆ ಬಿಟ್ಟು ಕೇಳುವುದು ಒಂದನ್ನೇ, ಅದು ಈ ಊರಿನಲ್ಲಿ ಅವಳ ಹತ್ತಿರ ಇರುವಷ್ಟು ಯಾರ ಹತ್ತಿರವೂ ಇಲ್ಲ. ನಾಪಿಯ ಕಥೆಗಳು. ಮುದುಕ ನಾಪಿ, ಲೋಕ ಮಾಡಿದವನೂ ಅವನೇ, ಲೋಕದ ಮೊದಲ ಪೆದ್ದನೂ ಅವನೇ. ಹಿಮ ಬಿದ್ದಾಗಿದೆ, ಕಥೆಯ ಕಾಲವೇ. ಆದರೆ ಹೊತ್ತು ಮುಳುಗಿಲ್ಲ. ಹಗಲಿನಲ್ಲಿ ನಾಪಿಯ ಕಥೆ ಹೇಳಿದವರ ಕಣ್ಣು ಹೋಗುತ್ತದೆ, ಅಜ್ಜಿ ಕಡ್ಡಿ ಮುರಿದಂತೆ ಹೇಳಿದ್ದಳು. ಜೋಸೆಟ್ ಬೆಟ್ಟದ ಮೇಲಿನ ಬಿಳಿ ಸೂರ್ಯನನ್ನು ನೋಡಿದಳು. ಮಣಿ ಕೆಲಸ ಹೋಗುತ್ತದೆ, ಈ ಬೆಟ್ಟ ಹೋಗುತ್ತದೆ. ಹೋದರೆ ಹೋಗಲಿ. ಕಣ್ಣಿದ್ದಾಗ ಎಷ್ಟು ಚೆನ್ನಾಗಿ ನೋಡಿದೆನೋ ಈಗ ಕಂಡಿತಲ್ಲ.

"ಒಂದ್ಸಲ ನಾಪಿ ನಡ್ಕೊಂಡು ಹೋಗ್ತಿದ್ದನಂತೆ," ಎಂದು ಶುರುಮಾಡಿದಳು. ಅವನ ಕಣ್ಣು ಪಟ್ಟನೆ ತೆರೆಯಿತು.

"ಅತ್ತೆ, ಹಗಲು..."

"ಮುಚ್ಕೊಂಡು ಕೇಳು. ಸೆಖೆ ಅಂದ್ರೆ ಸೆಖೆ. ಹೆಗಲ ಮೇಲಿನ ತೊಗಲು ಹೊದಿಕೆ ಭಾರ ಆಯ್ತು. ದಾರೀಲಿ ಒಂದು ದೊಡ್ಡ ಬಂಡೆ. 'ಅಣ್ಣಾ ಬಂಡೆ, ಪಾಪ ನೀನು ಮಳೆ ಬಿಸಿಲಲ್ಲಿ ಬೆತ್ತಲೆ ಕೂತಿದ್ದೀಯ, ತಗೋ, ಇದು ನಿನಗೇ' ಅಂತ ಹೊದಿಸಿಬಿಟ್ಟ. ದೊಡ್ಡ ದಾನಶೂರ! ಸ್ವಲ್ಪ ದೂರ ಹೋಗೋದ್ರಲ್ಲಿ ಮೋಡ ಕವೀತು, ಆಲಿಕಲ್ಲು. ವಾಪಸ್ ಓಡಿ ಬಂದು ಹೊದಿಕೆ ಕಿತ್ಕೊಂಡ. 'ಕಲ್ಲಿಗ್ಯಾಕೆ ಹೊದಿಕೆ' ಅಂದ. ಹಿಂದೆ ಗುಡುಗುಡು ಸದ್ದು. ತಿರುಗಿ ನೋಡಿದ್ರೆ ಬಂಡೆ ಉರುಳ್ಕೊಂಡು ಬರ್ತಾ ಇದೆ!"

ಅವನ ತುಟಿಯ ಕೊನೆ ಸ್ವಲ್ಪ ಅಲುಗಿತು. ಅವಳ ಧ್ವನಿ ತಾನಾಗಿ ಏರಿತು, ಕೈ ತಾನಾಗಿ ಉರುಳಿತು. ಕಾಡೆಮ್ಮೆಗಳು ಅಡ್ಡ ನಿಂತು ಜಜ್ಜಿಹೋದವು, ಕರಡಿ ಚಪ್ಪಟೆಯಾಯಿತು, ನಾಪಿ ಒಂದು ಕೈಯಲ್ಲಿ ಹೊದಿಕೆ ಇನ್ನೊಂದರಲ್ಲಿ ತನ್ನ ಮಾನ ಹಿಡಿದುಕೊಂಡು ಓಡಿದ. ಬೆನ್ನಿನ ಮೇಲೆ ಗಾಳಿ ಚೂರಿ ಹಾಕುತ್ತಿದ್ದರೂ ಅವಳಿಗೆ ಲೆಕ್ಕವಿರಲಿಲ್ಲ. ಕಥೆ ಹೇಳುವಾಗ ಅವಳಿಗೆ ಮಂಡಿ ನೋವೂ ಇರುವುದಿಲ್ಲ.

"ಕೊನೆಗೆ ಆಕಾಶದಲ್ಲಿ ಕತ್ತಲೆಹಕ್ಕಿಗಳು ಕಂಡ್ವು. 'ತಮ್ಮಂದಿರಾ, ಕಾಪಾಡ್ರೋ' ಅಂದ. ಹಕ್ಕಿಗಳು ಸುಯ್ಯಂತ ಇಳಿದು ಬಂಡೇನ ಕೊಕ್ಕಿಂದ ಕುಕ್ಕಿದ್ವು..."

"ಕೊಕ್ಕಿಂದಲ್ಲ," ಎಂದ ಲೀಲ್ಯಾಂಡ್.

"ಏನು?"

"ಹೂಸು ಬಿಟ್ವು. ಬಂಡೆ ಮೇಲೆ ಹೂಸು ಬಿಟ್ವು, ಚೂರು ಚೂರಾಯ್ತು. ನಾನು ಹತ್ತಿರ ಇದೀನಿ ಅಂತ ಗೊತ್ತಿದ್ರೆ ಕೊಕ್ಕು ಅಂತೀರಿ. ಇಲ್ಲ ಅನ್ಕೊಂಡ್ರೆ ಹೂಸು ಅಂತೀರಿ." ಉಸಿರು ಎಳೆದುಕೊಂಡ. "ಎಲ್ಲಾ ಚಳಿಗಾಲಾನೂ... ನಿಮ್ಮ ಟ್ರೇಲರ್ ಹಿಂದೆ, ಸೌದೆ ಮೇಲೆ ಕೂತು ಕೇಳ್ತೀನಿ. ಎರಡೂ ಥರ ಕೇಳಿದೀನಿ. ಹೂಸಿನದೇ ಚೆನ್ನಾಗಿದೆ, ಅತ್ತೆ."

ಅವಳ ಮುಖಕ್ಕೆ ರಕ್ತ ನುಗ್ಗಿತು. ಮೊಮ್ಮಕ್ಕಳು, ನಂಟರು, ಅಕ್ಕಪಕ್ಕದವರು ಒಲೆಯ ಸುತ್ತ ಬೆಚ್ಚಗೆ ಕೂತು ನಗುವಾಗ, ತೆಳುಗೋಡೆಯಾಚೆ, ಆ ಕೊರೆಯುವ ಚಳಿಯಲ್ಲಿ ಒಬ್ಬ ದೊಡ್ಡ ಗಂಡಸು ಒಬ್ಬನೇ ಕೂತು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಿದ್ದಾನೆ. ಒಂದು ದಿನವೂ ಕೆಮ್ಮಿಲ್ಲ. ಇಂಥವನಿಗೆ ತಾನು ಪರದೆ ಬಿಟ್ಟೆ. ಬಿಟ್ಟದ್ದು ಅವನ ಮರ್ಯಾದೆಗೆ ಎಂದು ಚಹಾ ಕುಡಿಯುತ್ತಾ ಹೇಳಿಕೊಂಡದ್ದು ಬರೀ ಸುಳ್ಳು. ಬಿಡುವಾಗ ಒಳಗೊಂದು ಹೆಮ್ಮೆ ಚಿಗುರಿತ್ತು, ನೋಡಿ ನಾನೆಂಥವಳು ಎಂದು, ನೋಡಲು ಯಾರೂ ಇಲ್ಲದಿದ್ದರೂ. ಈ ಹೆಮ್ಮೆಗೆ ಇವನು ಸತ್ತಿದ್ದರೆ ಹಬ್ಬದ ಹೆಂಗಸರಿಗೆ ಏನೆಂದು ಹೇಳುತ್ತಿದ್ದೆ? ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ಈ ಮುಖವನ್ನು ದಿನಾ ನೋಡಲಾಗದು, ಈಗಲೇ ಹೇಳಿಬಿಡಬೇಕು.

"ಲೀಲ್ಯಾಂಡ್. ನೀನು ಬಿದ್ದಿದ್ದು ನಾನು ಕಿಟಕೀಲಿ ನೋಡ್ದೆ. ನೋಡಿ ಪರದೆ ಬಿಟ್ಟೆ. ಕೂತು ಚಹಾ ಕುಡ್ದೆ. ಒಂದು ಲೋಟ, ಪೂರ್ತಿ."

ಅವನು ಕಣ್ಣು ಮುಚ್ಚಿದ. ಅವಳು ಎರಡೂ ಕೈಯಲ್ಲಿ ಅವನ ಭುಜ ಹಿಡಿದಳು.

"ಗೊತ್ತು," ಎಂದ, ಕಣ್ಣು ಮುಚ್ಚಿಯೇ. "ಪರದೆ ಬಿದ್ದಿದ್ದು ಕಾಣಿಸ್ತು."

"ಮತ್ತೆ ಯಾಕೋ ಕೂಗ್ಲಿಲ್ಲ? ಪ್ರಾಣಕ್ಕೆ ಬಂದ್ರೆ ಕೂಗಬಹುದು, ನಿಮ್ಮವ್ವ ಹೇಳಿಕೊಟ್ಟಿರ್ಲಿಲ್ವಾ?"

"ಹೇಳಿದ್ಲು. ಪ್ರಾಣಕ್ಕೇ ಬಂದಿದ್ಯೋ, ಬರೀ ಕಾಲು ಮುರಿದಿದ್ಯೋ ಅಂತ ನೋಡ್ತಿದ್ದೆ." ಕಣ್ಣು ತೆರೆದು ಆಕಾಶ ನೋಡಿದ. "ಬರೀ ಕಾಲಾದ್ರೆ ಕೂಗೋದು ಮರ್ಯಾದೆ ಅಲ್ಲ. ಅಲ್ಲದೆ ಪ್ಯಾಂಟು ಬೇರೆ ಹರಿದಿತ್ತು."

"ಸತ್ತುಹೋಗ್ತಿದ್ದೆಯಲ್ಲೋ ಮುಠ್ಠಾಳ!"

"ಮರ್ಯಾದೆಯಾಗಿ ಸಾಯ್ತಿದ್ದೆ."

ಅವಳಿಗೆ ಅವನ ಕಪಾಳಕ್ಕೆ ಬಾರಿಸಬೇಕೆನಿಸಿತು, ಅವನನ್ನು ಮಗುವಿನಂತೆ ತಬ್ಬಿಕೊಳ್ಳಬೇಕೆನಿಸಿತು; ಎರಡನ್ನೂ ಮಾಡದೆ ಅಳುತ್ತಾ ನಕ್ಕಳು. ಹೊರಗಿನಿಂದ ಮದುವೆಯಾಗಿ ಬಂದವನು ಎಂದು ಇಷ್ಟು ವರ್ಷ ತಿಳಿದಿದ್ದಳಲ್ಲ, ಹಟದ ಮಟ್ಟಿಗೆ, ಹೆತ್ತ ಮಗಳಿಗಿಂತ ಇವನೇ ತನ್ನ ಹೊಟ್ಟೆಯವನು. ಮೂಗು ಸೀಟಿ, ಕಥೆ ಎಲ್ಲಿಗೆ ಬಿಟ್ಟಿತ್ತೋ ಅಲ್ಲಿಂದ ಎತ್ತಿಕೊಂಡಳು. ಈ ಸಲ ಹಕ್ಕಿಗಳು ಏನು ಬಿಡಬೇಕೋ ಅದನ್ನೇ ಬಿಟ್ಟವು, ಸದ್ದಿನ ಸಮೇತ. ಆಮೇಲೆ ಇನ್ನೊಂದು ಕಥೆ, ಅದರ ಬಾಲಕ್ಕೆ ಇನ್ನೊಂದು. ಅವನ ಹೂಂ ಗಟ್ಟಿಯಾಗುತ್ತಾ, ಸೋಲುತ್ತಾ, ಮತ್ತೆ ಗಟ್ಟಿಯಾಗುತ್ತಾ ನಡೆಯಿತು. ಅವಳ ಬೆರಳುಗಳಿಗೆ ಸ್ಪರ್ಶ ಇಲ್ಲದಾದ ಮೇಲೆ, ರಸ್ತೆಯ ಕಡೆಯಿಂದ ಕೊನೆಗೂ ಆಂಬುಲೆನ್ಸ್ ಕೂಗುತ್ತಾ ಬಂತು.

ಓಡಿಸಿಕೊಂಡು ಬಂದವಳು ಊರಿನ ಹೆಂಗಸೇ. ಜೊತೆಯಲ್ಲಿದ್ದ ತರುಣ ಬಿಳಿಯ, ಕೆಲಸಕ್ಕೆ ಹೊಸಬ, ಯಾವುದೋ ದೂರದ ಪಟ್ಟಣದವನು. ಇಬ್ಬರೂ ಸೇರಿ ಕಾಲಿಗೆ ಹಲಗೆ ಕಟ್ಟಿ, ಕುತ್ತಿಗೆಗೆ ಪಟ್ಟಿ ಹಾಕಿ, ಸ್ಟ್ರೆಚರ್ ಮೇಲೆ ಎತ್ತಿಕೊಂಡರು. ತರುಣ ಸಣ್ಣ ದೀಪ ಹಿಡಿದು ಕಣ್ಣು ನೋಡಿದ, ತಲೆ ಸರಿಯಿದೆಯೇ ಎಂದು ಪ್ರಶ್ನೆ ಶುರುಮಾಡಿದ.

"ನಿಮ್ಮ ಹೆಸರು?"

"ಲೀಲ್ಯಾಂಡ್."

"ಇವತ್ತು ಯಾವ ವಾರ?"

"ಗುರುವಾರ."

"ಸರಿ. ಇಲ್ಲಿ ನೋಡಿ. ಈ ಅಜ್ಜಿ ಗೊತ್ತಾ ನಿಮಗೆ?"

ಪಟ್ಟಿಯೊಳಗಿಂದ ಆದಷ್ಟು ಕಣ್ಣು ಹೊರಳಿಸಿ ಲೀಲ್ಯಾಂಡ್ ಅವಳನ್ನು ನೋಡಿದ. ಗಡಿಬಿಡಿಯಿಲ್ಲದೆ, ಹಣೆಯಿಂದ ಗದ್ದದವರೆಗೆ ನೋಡಿದ. ಜೋಸೆಟ್ ಕದಲಲಿಲ್ಲ. ಶಾಲು ಎಳೆದುಕೊಳ್ಳಲು ಮೇಲೆ ಬಂದ ಕೈಯನ್ನು ಕೆಳಗಿಳಿಸಿ ಸುಮ್ಮನೆ ನಿಂತು, ನೋಡಿಸಿಕೊಂಡಳು.

"ಇಲ್ಲಪ್ಪಾ," ಎಂದ ಲೀಲ್ಯಾಂಡ್. "ಇವತ್ತೇ ಮೊದಲ್ನೇ ಸಲ ನೋಡ್ತಿರೋದು."

ತರುಣನ ಮುಖ ಇಳಿಯಿತು. "ಇವರು ಎಲ್ಲಿರೋದು ಅಂತಾದ್ರೂ ಗೊತ್ತಾ?"

"ನಮ್ಮ ಹಿತ್ತಲಲ್ಲಿ. ಇಪ್ಪತ್ತು ವರ್ಷದ ಮೇಲಾಯ್ತು."

ತರುಣ ಗಾಬರಿಯಿಂದ ಸಂಗಾತಿಯ ಕಡೆ ತಿರುಗಿದ. ಆಕೆ ಆಗಲೇ ಆ ಕಡೆ ತಿರುಗಿ, ಗಾಡಿಯ ಬಾಗಿಲಿಗೆ ಹಣೆ ಒತ್ತಿ, ಭುಜ ಕುಣಿಸುತ್ತಾ ನಗುತ್ತಿದ್ದಳು. ಜೋಸೆಟ್ ತರುಣನ ತೋಳು ಹಿಡಿದು ತಾನೇ ಗಾಡಿಯೊಳಗೆ ಹತ್ತಿದಳು. ಅಳಿಯನ ಮುಖ ನೇರವಾಗಿ ಕಾಣುವ ಕಡೆ ಕೂತಳು.

"ಹೆದರಬೇಡಪ್ಪಾ," ಎಂದಳು. "ತಲೆ ನೆಟ್ಟಗಿದೆ. ಬಾಗಿಲು ಹಾಕು, ಹೊರಡು."